ಹಾಳಿರ್, ಹಾಜಿರ್, ಹಾಜರ್

ಕಳೆದ ಆಗಸ್ಟ್‌ನಲ್ಲಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಹಾಕಿದ್ದರು. ಮೇಲೆ ‘ಹಾಜರಿ ಕೊರತೆ’ ಎಂದಿತ್ತು. ಕೆಳಗಿನಿಂದ ಮೂರನೆಯ ಹೆಸರು ನನ್ನದು. ತರಗತಿ ನಡೆದ 62 ದಿನಗಳಲ್ಲಿ ನಾನು ಬಂದದ್ದು 44 ದಿನ, ಅಂದರೆ ಶೇಕಡ 71. ಪರೀಕ್ಷೆಗೆ ಕೂರಲು 75 ಬೇಕು ಎಂಬುದು ಪಿಯುಸಿ ಸೇರಿದ ದಿನವೇ ಎಲ್ಲರಿಗೂ ಬಾಯಿಪಾಠ. ಉಳಿದ 18 ದಿನ ನಾನು ಆಸ್ಪತ್ರೆಯ ವಾರ್ಡಿನಲ್ಲಿ, ಉಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದೆ. ಪಟ್ಟಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಪ್ರಾಂಶುಪಾಲರಿಗೆ ಅರ್ಜಿ ಬರೆಯಬೇಕಾಯಿತು. ಲೈಬ್ರರಿಯಲ್ಲಿ ಕುಳಿತು, ‘ನನ್ನ ಗೈರುಹಾಜರಿಯನ್ನು ರಜೆ ಎಂದು ಪರಿಗಣಿಸಬೇಕಾಗಿ ವಿನಂತಿ’ ಎಂದು ಬರೆದೆ. ಪಕ್ಕದಲ್ಲಿದ್ದ ಗೆಳತಿ ಓದಿ ನಕ್ಕಳು. ಅವಳು ಹುಬ್ಬಳ್ಳಿ ಕಡೆಯವಳು, ಮನೆಮಾತು ಉರ್ದು. “ಇದರಾಗ ಅರ್ಧ ನಮ್ಮನಿ ಮಾತೇ ಐತಲ್ಲ” ಎಂದಳು. ಗೈರ್, ಹಾಜಿರ್, ರಜಾ, ಅರ್ಜಿ ಎಂದು ಬೆರಳು ಮಡಚಿ ಎಣಿಸಿದಳು.

ಅವಳ ಬಾಯಲ್ಲಿ ‘ಹಾಜಿರ್’ ಕೇಳಿದಾಗಲೇ ನನಗೆ ಹೊಳೆದದ್ದು. ನಾನು ಕರಾವಳಿಯ ಬ್ಯಾರಿ ಹುಡುಗಿ. ಮದ್ರಸಾದಲ್ಲಿ ಉಸ್ತಾದರು ಹೆಸರು ಕರೆದಾಗ ನಾವು ಕೂಗುತ್ತಿದ್ದದ್ದು ‘ಹಾಳಿರ್’. ಎಂಟು ಗಂಟೆಗೆ ಅಲ್ಲಿ ‘ಹಾಳಿರ್’ ಎಂದು ಓಡಿಬಂದು, ಒಂಬತ್ತೂವರೆಗೆ ಶಾಲೆಯ ಹಾಜರಿಗೆ ‘ಪ್ರೆಸೆಂಟ್ ಮಿಸ್’ ಎನ್ನುತ್ತಿದ್ದೆ. ಎರಡೂ ಒಂದೇ ಮಾತು ಎಂದು ಹತ್ತು ವರ್ಷ ಗೊತ್ತಾಗಲಿಲ್ಲ!

ಎಲ್ಲವೂ ಒಂದು ಅಕ್ಷರದ ಕರಾಮತ್ತು. ನಾವು ‘ಳಾದ್’ ಎನ್ನುವ ಅರಬಿ ಅಕ್ಷರ ಅದು. ಅರಬರು ಅದನ್ನು ಭಾರವಾದ ದಕಾರದಂತೆ ನುಡಿಯುತ್ತಾರೆ; ಅರಬಿಗೆ ‘ಳಾದ್‌ನ ಭಾಷೆ’ ಎಂಬ ಹೆಸರೇ ಇದೆ. ಪಾರ್ಸಿಯವರ ನಾಲಿಗೆಯಲ್ಲಿ ಅದು ‘ಝ’ ಆಯಿತು. ಬಿಜಾಪುರದ ಆದಿಲ್‌ಶಾಹಿಗಳ, ಆಮೇಲೆ ಹೈದರ್, ಟಿಪ್ಪು ಕಾಲದ ಕಚೇರಿ ಕಾಗದಗಳಲ್ಲಿ ಪಾರ್ಸಿ ನಡೆಯುತ್ತಿತ್ತು. ಆ ದಾರಿಯಿಂದ ಕನ್ನಡಕ್ಕೆ ಬಂದು ‘ಜ’ ಆಗಿ ಕೂತಿತು. ನಮ್ಮ ಕರಾವಳಿಗೆ ಅರಬಿ ಬಂದದ್ದು ಸಮುದ್ರದ ದಾರಿಯಲ್ಲಿ, ಮಲಬಾರಿನ ಉಸ್ತಾದರ ಬಾಯಲ್ಲಿ. ಇಲ್ಲಿ ಅದು ‘ಳ’. ಪತ್ರಿಕೆಯ ರಂಜಾನ್ ನಮ್ಮಲ್ಲಿ ರಮಳಾನ್ ಆಗಿರುವುದೂ ಹೀಗೆಯೇ. ಹುಜೂರ್, ಹಜರತ್ ಕೂಡ ಹಾಜರಿಯ ಬೇರಿನಿಂದಲೇ ಹುಟ್ಟಿದವು.

ಅರ್ಜಿ, ರಜೆ ಎರಡರಲ್ಲೂ ಅದೇ ಅಕ್ಷರವಿದೆ. ಅರ್ಜಿ ಎಂದರೆ ಮುಂದಿಡುವುದು. ರಜೆಯ ಮೂಲ ನೋಡಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಹಾಬಿಗಳ ಹೆಸರಿನ ಜೊತೆ ‘ರಳಿಯಲ್ಲಾಹು ಅನ್ಹು’ ಎನ್ನುತ್ತೇವಲ್ಲ, ಅಲ್ಲಿರುವ ಮಾತೇ ಅದು: ಒಪ್ಪಿಗೆ, ತೃಪ್ತಿ. ಶಾಲೆ ಮುಚ್ಚಿದರೆ ರಜೆ ಎಂದುಕೊಂಡಿದ್ದವಳು ನಾನು. ಯಾರಾದರೂ ಒಪ್ಪಿ ಕೊಟ್ಟರೆ ಮಾತ್ರ ಅದು ರಜೆ. ನಾನು ಯಾರನ್ನೂ ಕೇಳದೆ 18 ದಿನ ಹೋಗಿದ್ದೆ. ಕ್ಲಾಸ್ ಟೀಚರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ. ತಪ್ಪು ನನ್ನದೂ ಇತ್ತು.

ಆದರೂ ಒಂದು ವಿಷಯ ಕೊರೆಯುತ್ತದೆ. ಉಮ್ಮ ಮನೆಗೆ ಬಂದ ಮೊದಲ ವಾರ ನಾನು ತರಗತಿಯಲ್ಲಿ ಕೂತಿದ್ದೆ, ಹಾಜರಿಯೂ ಬಿತ್ತು. ಅಕೌಂಟೆನ್ಸಿಯಲ್ಲಿ ಏನು ಮಾಡಿದರು ಎಂದು ಇವತ್ತಿಗೂ ಗೊತ್ತಿಲ್ಲ, ಕಿವಿಯೆಲ್ಲ ಆಫೀಸಿನ ಫೋನಿನ ಮೇಲೆ. ವಾರ್ಡಿನಲ್ಲಿ ಮಾತ್ರ ರಾತ್ರಿ ಎರಡು ಗಂಟೆಗೆ ಉಮ್ಮ ಕಣ್ಣು ಬಿಡದೆ “ಇದ್ದೀಯಾ?” ಎಂದರೂ ನಾನು ಎಚ್ಚರವಿರುತ್ತಿದ್ದೆ.

ಪ್ರಾಂಶುಪಾಲರು ಅರ್ಜಿಯನ್ನೂ ಡಾಕ್ಟರ ಸರ್ಟಿಫಿಕೇಟನ್ನೂ ಓದಿ, “ಉಮ್ಮ ಈಗ ಹೇಗಿದ್ದಾರೆ?” ಎಂದು ಕೇಳಿ ಸಹಿ ಹಾಕಿದರು. ಮರುದಿನ ಕನ್ನಡ ತರಗತಿಯಲ್ಲಿ ನನ್ನ ಹೆಸರು ಕರೆದಾಗ ಬಾಯಿತಪ್ಪಿ ‘ಹಾಳಿರ್’ ಎಂದುಬಿಟ್ಟೆ. ಹಿಂದಿನ ಬೆಂಚಿನವರೆಲ್ಲ ನಕ್ಕರು. ಮೇಡಂ ತಲೆಯೆತ್ತಿ ಒಮ್ಮೆ ನೋಡಿ, ಹಾಜರಿ ಹಾಕಿ, ಮುಂದಿನ ಹೆಸರು ಕರೆದರು.