ಬೆಟ್ಟ ಹತ್ತುವ ಬಂಡಿಯ ಉಸಿರು

ಯಳಂದೂರಿನ ಗೌರೀಶ್ವರ ದೇವಾಲಯದ ಮುಂದಿರುವ ಬಳೆಮಂಟಪವನ್ನು ನೋಡಿದವರು ಅದರ ಕಲ್ಲಿನ ಬಳೆಸರಪಳಿಗಳನ್ನು ಬೇಗ ಮರೆಯಲಾರರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು ಇದು. ಊರು ಬಿಟ್ಟು ಹೊಲಗದ್ದೆಗಳನ್ನು ದಾಟಿದರೆ ಬಿಳಿಗಿರಿರಂಗನ ಬೆಟ್ಟದ ದಾರಿ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಈ ಕಾಡಿನ ನಡುವೆ ಕಾರು ಕೆಟ್ಟು ನಿಂತರೆ ಕೆಳಗಿಳಿದು ರಿಪೇರಿ ಮಾಡುತ್ತಾ ಕೂರುವ ಹಾಗಿಲ್ಲ. ಹೊರಡುವ ಮೊದಲೇ ಬಂಡಿ ಗಟ್ಟಿಯಾಗಿರಬೇಕು.

ಬೆಟ್ಟದ ಮೇಲೆ, ಸುಮಾರು 1,500 ಮೀಟರ್ ಎತ್ತರದಲ್ಲಿ, ಗಾಳಿ ಸಮುದ್ರ ಮಟ್ಟದಲ್ಲಿರುವುದಕ್ಕಿಂತ ನೂರಕ್ಕೆ 14ರಷ್ಟು ತೆಳು. ಮೆಟ್ಟಿಲು ಹತ್ತುವ ಅಜ್ಜಿಗೆ ಏದುಸಿರು ಬರುವಂತೆ ಎಂಜಿನ್ನಿಗೂ ಬರುತ್ತದೆ. ಡೀಸೆಲ್ ಎಷ್ಟು ಸುರಿದರೇನು, ಅದು ಉರಿಯಲು ಬೇಕಾದಷ್ಟು ಗಾಳಿ ಇಲ್ಲದಿದ್ದರೆ ಹೊಗೆಯೇ ಹೆಚ್ಚು, ಬಲ ಕಡಿಮೆ. ಈ ಕೊರತೆಯನ್ನು ತುಂಬಿಕೊಡುವುದೇ ಟರ್ಬೊಚಾರ್ಜರ್. ಗ್ಯಾರೇಜಿನವರ ಬಾಯಲ್ಲಿ ಬರೀ ಟರ್ಬೊ.

ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಬೆಟ್ಟ ಇಳಿದು ಕೊಳ್ಳೇಗಾಲಕ್ಕೆ ಬರಬೇಕು. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಊರು ರೇಷ್ಮೆ ಸೀರೆಗೆ ಹೆಸರಾದದ್ದು. ಹತ್ತಿರದಲ್ಲೇ ಶಿವನಸಮುದ್ರ. ಈ ಕಡೆ ಭರಚುಕ್ಕಿ, ಆ ಕಡೆ ಗಗನಚುಕ್ಕಿ. ಇಲ್ಲಿ ಕಾವೇರಿಯ ನೀರಿನ ರಭಸಕ್ಕೆ ಚಕ್ರಗಳನ್ನು ಕೊಟ್ಟು ತಿರುಗಿಸಿ, 1902ರಲ್ಲಿ 140 ಕಿಲೋಮೀಟರಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದರು. ಸುಮ್ಮನೆ ಧುಮುಕಿ ಹೋಗುತ್ತಿದ್ದ ನೀರು ಕೆಲಸಕ್ಕೆ ಬಂತು.

ಟರ್ಬೊದ ಉಪಾಯವೂ ಇದೇ. ಇಲ್ಲಿ ನೀರಿನ ಬದಲು ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆ. ಅದು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಈ ಯೋಚನೆಗೆ ಪೇಟೆಂಟ್ ಪಡೆದರು. ಕಾರಿನ ಟರ್ಬೊ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅಷ್ಟು ವೇಗದಲ್ಲಿ ಅದನ್ನು ಕಾಯುವುದು ಕೂದಲೆಳೆಯಷ್ಟು ತೆಳುವಾದ ಎಣ್ಣೆಯ ಪದರ. ಎಣ್ಣೆ ಕ್ಷಣಹೊತ್ತು ತಪ್ಪಿದರೂ ಸಾಕು, ಅಚ್ಚು ಸವೆಯತೊಡಗುತ್ತದೆ.

ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ ದಾಟಿದರೆ ಹನೂರು. ಮೊದಲು ಕೊಳ್ಳೇಗಾಲಕ್ಕೇ ಸೇರಿದ್ದ ಇದು ಈಗ ಬೇರೆ ತಾಲ್ಲೂಕು. ಕೊಳ್ಳೇಗಾಲದ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವವರು ಈ ಊರನ್ನು ಹಾದು ಹೋಗುತ್ತಾರೆ. ಇಲ್ಲಿನ ಒಂದು ಮನೆಯ ಅಂಗಳದಲ್ಲಿ, ಭಕ್ತರನ್ನು ಬೆಟ್ಟಕ್ಕೆ ಕರೆದೊಯ್ಯುವ ಬಾಡಿಗೆ ಡೀಸೆಲ್ ಕಾರೊಂದು ನಿಂತಿದೆ ಎಂದುಕೊಳ್ಳಿ. ಏರಿನಲ್ಲಿ ಶಕ್ತಿಯಿಲ್ಲ, ಶಿಳ್ಳೆಯಂಥ ಸದ್ದು, ನೀಲಿ ಹೊಗೆ. ದೀಪಾವಳಿ ಜಾತ್ರೆ ಹತ್ತಿರವಿದೆ. ಕಾರು ಓಡಿದರೆ ಮಾತ್ರ ಮಗಳ ಕಾಲೇಜಿನ ಫೀಸು. ಐಟಿಐ ಓದುವ ಮಗ, ತಾನೇ ಟರ್ಬೊ ಬದಲಿಸುತ್ತೇನೆಂದು ಸ್ಪ್ಯಾನರ್ ಹಿಡಿದಿದ್ದಾನೆ. ಅವನಿಗಿದು ಮೊದಲ ಸಲ.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ವೈರು ಬಿಚ್ಚಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ನುಸುಳಬಾರದು, ಕೆಳಗೆ ಭದ್ರವಾದ ಸ್ಟ್ಯಾಂಡ್ ಇರಬೇಕು. ಗಾಳಿಯ ಹೋಸು, ಎಣ್ಣೆ ಬರುವ ಪೈಪು, ಎಣ್ಣೆ ಮರಳುವ ಪೈಪು ಸುಲಭವಾಗಿ ಬರುತ್ತವೆ. ವರ್ಷಗಟ್ಟಲೆ ಬೆಂದು ತುಕ್ಕು ಹಿಡಿದ ಸ್ಟಡ್ಡುಗಳ ನಟ್ಟುಗಳು ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವ ತಾಳ್ಮೆ ಬೇಕು. ಜೋರು ಮಾಡಿದರೆ ಸ್ಟಡ್ ಮುರಿಯುತ್ತದೆ, ಒಂದು ದಿನದ ಕೆಲಸ ನಾಲ್ಕು ದಿನಕ್ಕೆ ಎಳೆಯುತ್ತದೆ.

ಹಳೆಯದು ಕೈಗೆ ಬಂದೊಡನೆ ಹೊಸದನ್ನು ಕೂರಿಸಲು ಹೊರಡುವ ಮಗನನ್ನು ತಂದೆ ತಡೆಯುತ್ತಾರೆ.

“ಹೊಸದು ಹಾಕ್ಬುಡದು ದೊಡ್ಡದಲ್ಲ ಕಣಪ್ಪ. ಹಳೇದು ಯಾಕೆ ಹೋಯ್ತು ಅಂತ ನೋಡುದ್ಯಾ?”

ಮಗ ಎಣ್ಣೆಯ ಪೈಪನ್ನು ಬೆಳಕಿಗೆ ಹಿಡಿಯುತ್ತಾನೆ. “ಒಳಗೆಲ್ಲಾ ಮಸಿ ಕಟ್ಕಂಡದ ಅಪ್ಪಾ.”

ಇಡೀ ಕೆಲಸದ ಮರ್ಮ ಇಲ್ಲಿದೆ. ಟರ್ಬೊ ತಾನಾಗಿ ಸಾಯುವುದು ಅಪರೂಪ. ಸಕಾಲಕ್ಕೆ ಆಯಿಲ್ ಬದಲಿಸದಿರುವುದು, ಪೈಪಿನಲ್ಲಿ ಮಸಿ ಕಟ್ಟುವುದು, ಹರಿದ ಏರ್ ಫಿಲ್ಟರಿನಿಂದ ದೂಳು ನುಗ್ಗುವುದು, ಏರು ಹತ್ತಿ ಬಂದ ಕಾರನ್ನು ತಟ್ಟನೆ ಆಫ್ ಮಾಡಿ ಒಳಗಿನ ಎಣ್ಣೆಯನ್ನು ಸುಟ್ಟು ಕರಿಯಾಗಿಸುವುದು, ಕಾರಣಗಳು ಸಾಮಾನ್ಯವಾಗಿ ಇವೇ. ಕಾರಣ ಉಳಿದರೆ ದುಬಾರಿ ಹೊಸ ಟರ್ಬೊ ಕೂಡ ಕೆಲವೇ ನಿಮಿಷಗಳಲ್ಲಿ ಹೋದೀತು.

ಆದ್ದರಿಂದ ಪೈಪು ಹೊಸದು, ಆಯಿಲ್ ಮತ್ತು ಫಿಲ್ಟರ್ ಹೊಸದು, ಗ್ಯಾಸ್ಕೆಟ್ಟು ಮತ್ತು ತಾಮ್ರದ ವಾಷರುಗಳೂ ಹೊಸವು. ಎಣ್ಣೆಯ ಜೋಡಣೆಗೆ ಅಂಟು ಬಳಿಯಬಾರದು. ಅದರ ಚೂರು ಕಿತ್ತು ದಾರಿ ಕಟ್ಟೀತು. ಇಂಟರ್‌ಕೂಲರಿನಲ್ಲಿ ನಿಂತ ಹಳೆಯ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ಉಳಿದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಕುಡಿದು, ಕೀಲಿ ತೆಗೆದರೂ ನಿಲ್ಲದೆ ಹುಚ್ಚೆದ್ದು ಓಡುವ ಅಪಾಯವುಂಟು. ಹೊಸ ಟರ್ಬೊದ ಬಾಯಿಗೆ ಶುದ್ಧ ಎಣ್ಣೆ ಹಾಕಿ ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಬ್ಯಾಟರಿ ಮತ್ತೆ ಜೋಡಿಸಿ, ಡೀಸೆಲ್ ಹೋಗದಂತೆ ತಡೆದು, ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪ ಬಿಡುವು ಕೊಟ್ಟು ಸ್ಟಾರ್ಟರ್ ತಿರುಗಿಸಬೇಕು. ಆಮೇಲಷ್ಟೇ ನಿಜವಾದ ಸ್ಟಾರ್ಟ್. ಕೆಲವು ನಿಮಿಷ ನಿಧಾನಕ್ಕೆ ಓಡಲು ಬಿಟ್ಟು, ಎಲ್ಲಾದರೂ ಸೋರುತ್ತಿದೆಯೇ ಎಂದು ದೀಪ ಹಿಡಿದು ನೋಡಬೇಕು. ಅನುಭವಿ ಮೆಕ್ಯಾನಿಕ್ ಒಬ್ಬರು ಒಮ್ಮೆ ಬಂದು ನೋಡಿದರೆ ಇನ್ನೂ ಒಳ್ಳೆಯದು. ಕೇಳುವುದರಲ್ಲಿ ನಾಚಿಕೆಯಿಲ್ಲ.

ಹನೂರಿನಿಂದ ಮುಂದೆ ಕೌದಳ್ಳಿ, ಆಮೇಲೆ ತಾಳಬೆಟ್ಟ. ಕಾಲ್ನಡಿಗೆಯ ಭಕ್ತರು ‘ಉಘೇ’ ಎನ್ನುತ್ತಾ ಬೆಟ್ಟ ಹತ್ತತೊಡಗುವುದು ಇಲ್ಲಿಂದಲೇ. ರಸ್ತೆ ಹಾವಿನಂತೆ ಸುತ್ತುತ್ತಾ ಮೇಲೇರುತ್ತದೆ. ಈಗ ಕಾರಿಗೆ ಏದುಸಿರಿಲ್ಲ. ಬೆಟ್ಟ ತಲುಪಿ ಭಕ್ತರೆಲ್ಲ ಇಳಿದು ದೇವಸ್ಥಾನದತ್ತ ನಡೆಯುತ್ತಾರೆ. ತಂದೆ ಕೀಲಿಗೆ ಕೈ ಹಾಕಿದರೆ, “ಎರಡು ನಿಮಿಷ ಇರಪ್ಪಾ” ಎನ್ನುತ್ತಾನೆ ಮಗ. ತಂದೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಎಂಜಿನ್ ಸಣ್ಣಗೆ ಗುನುಗುತ್ತಾ ತಣಿಯುತ್ತದೆ.