ಪಾಟಿಯ ಮೇಲೆ ಗರಗಸ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಮನೆಯಲ್ಲಿ ಅಕ್ಷರ ಕಲಿಸುವುದೆಂದರೆ ಒಂದು ಅಂಕಲಿಪಿ, ಒಂದು ಪಾಟಿ, ಒಂದು ತುಂಡು ಪೆನ್ಸಿಲ್ ಇದ್ದರೆ ಸಾಕು ಎಂಬ ಕಾಲವಿತ್ತು. ಹಿರಿಯರು ಪಾಟಿಯ ತುಂಬ ದೊಡ್ಡದೊಂದು ‘ಅ’ ಬರೆದು ಕೊಡುವರು. ಮಗು ಅದರ ಮೇಲೆಯೇ ತಿದ್ದೀ ತಿದ್ದೀ ಗೆರೆ ಹಗ್ಗದಷ್ಟು ದಪ್ಪವಾಗುವುದು. ಅದು ಕೈಗೆ ಹತ್ತಿದ ಮೇಲೆ ‘ಆ’. ಹೀಗೆ 49 ಅಕ್ಷರ ದಾಟಿದ ಮೇಲೆಯೇ ಶಬ್ದ ಓದುವ ಮಾತು.

ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಈ ಲೆಕ್ಕ ತಪ್ಪಿತು. ಒಂದನೆಯ ಇಯತ್ತೆಗೆ ಸೇರಿದ ಮಗಳು ತಿಂಗಳಾದರೂ ‘ಅ ಆ ಇ ಈ’ ಎನ್ನಲೊಲ್ಲಳು. ಪಾಟಿಯ ತುಂಬ ರ, ಗ, ಸ, ದ. ಕಂಡಿಕೆ ಸುತ್ತುತ್ತಿದ್ದ ಆಯಿಗೆ ಸಿಟ್ಟು ಬಂತು. “ಅ ಬಿಟ್ಟು ರ ಕಲಸ್ತಾರೇನ? ಬುಡಾ ಬಿಟ್ಟು ತುದಿಗೆ ನೀರ ಹಾಕಿದ್ಹಂಗಾತು!” ಐದನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದ ತಾಯಿ ಸುಮ್ಮನಾದಳು. ತನಗೆ ಬರುವುದು ಶಾಲೆಯಲ್ಲಿ ನಡೆಯದು, ಶಾಲೆಯದು ತನಗೆ ಬಾರದು ಎಂದು ಪಾಟಿ ಮುಟ್ಟುವುದನ್ನೇ ಬಿಟ್ಟಳು.

ಮಗುವಿಗೆ ನಷ್ಟವಾಗುವುದು ಇಲ್ಲಿಯೇ. ಅಕ್ಷರದ ಕ್ರಮ ಬದಲಾದುದರಿಂದಲ್ಲ, ತಾಯಿ ಅಂಜಿ ಹಿಂದೆ ಸರಿದುದರಿಂದ.

ರ, ಗ, ಸ, ದ, ಅ ಎಂಬುದು ‘ನಲಿ-ಕಲಿ’ಯ ಮೊದಲ ಗುಂಪು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬರೆಯಲು ಸುಲಭವಾದ, ಕೂಡಿಸಿದರೆ ಬೇಗ ಶಬ್ದವಾಗುವ ಅಕ್ಷರ ಮೊದಲು ಎಂಬುದು ಅದರ ತತ್ವ. ಐದೇ ಅಕ್ಷರಕ್ಕೆ ಅರಸ, ಅಗಸ, ಸರ, ರಸ, ಗರಗಸ ಸಿಕ್ಕವು. ಮುಂದಿನ ಗುಂಪು ಜ, ವ, ಮ, ಬ, ನ ಸೇರಿದರೆ ಮರ, ಮಗ, ಜನ, ಬಸವ.

ಒಂದು ಸಂಜೆ ಆ ಹುಡುಗಿ ಪಾಟಿ ಹಿಡಿದು ಓಡಿ ಬಂದಳು. “ಅವ್ವಾ, ನೋಡಿಲ್ಲೆ, ಬಡಿಗೇರ ಕಾಕಾನ ಗರಗಸ!” ಯಾರೂ ಹೇಳಿಕೊಡದೆ ಅಕ್ಷರ ಕೂಡಿಸಿದ್ದಳು. ಆಯಿ ಕಂಡಿಕೆ ನಿಲ್ಲಿಸಿ ನೋಡಿದಳು.

ಹಾಗೆಂದು ಆಯಿಯ ಕ್ರಮವೇನೂ ಸುಳ್ಳಲ್ಲ. ‘ಕ’ ವರ್ಗ ಗಂಟಲಿನಿಂದ ಹೊರಟು ‘ಪ’ ವರ್ಗದಲ್ಲಿ ತುಟಿಗೆ ಬಂದು ನಿಲ್ಲುವ ವರ್ಣಮಾಲೆ ನಮ್ಮ ಹಿರಿಯರ ದೊಡ್ಡ ಶೋಧ. ನಿಘಂಟು ತೆರೆದಾಗಲೂ ಅದೇ ದಾರಿ ಬೇಕು. ಕೈಗೆ ಶಾಲೆಯ ಕ್ರಮ, ಬಾಯಿಗೆ ಆಯಿಯ ಕ್ರಮ ಎಂದರೆ ಜಗಳವೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಆಯಿ ‘ಕ ಖ ಗ ಘ’ ಹೇಳಿಸಲಿ, ತಾಯಿ ಪಾಟಿ ನೋಡಲಿ.

ಇನ್ನೊಂದು ಮಾತು. ಈ ಸೀಮೆಯ ಮಗು ಆಡುವುದು ‘ಮನಿ’, ‘ಶಾಲಿ’, ‘ಎಲಿ’. ಪುಸ್ತಕದಲ್ಲಿರುವುದು ‘ಮನೆ’, ‘ಶಾಲೆ’, ‘ಎಲೆ’. ಪುಸ್ತಕದ ‘ಮನೆ’ ನೋಡಿ ಮಗು ‘ಮನಿ’ ಎಂದರೆ ಗದರಬೇಡಿ. ಅದಕ್ಕೆ ಅರ್ಥ ತಿಳಿದಿದೆ. “ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತಾರ” ಎಂದರೆ ಸಾಕು. ಮಾತಿಗೊಮ್ಮೆ ತಿದ್ದಿಸಿಕೊಂಡ ಮಗು ಓದುವ ಮೊದಲೇ ಬಾಯಿ ಮುಚ್ಚುತ್ತದೆ.

ಅಂಕಲಿಪಿಯ ಚಿತ್ರಗಳಲ್ಲಿ ಋಷಿ ಇರುತ್ತಾನೆ, ಮಗು ಅವನನ್ನು ಕಂಡಿರುವುದಿಲ್ಲ. ಬನಹಟ್ಟಿಯಲ್ಲಿ ಲ ಅಂದರೆ ಲಾಳಿ, ನ ಅಂದರೆ ನೂಲು. ಮುಧೋಳದಲ್ಲಿ ಕ ಅಂದರೆ ಕಬ್ಬು, ಬ ಅಂದರೆ ಬೆಲ್ಲ. ಬೀಳಗಿಯಲ್ಲಿ ಹ ಅಂದರೆ ಆಲಮಟ್ಟಿಯ ಹಿನ್ನೀರು. ಇವನ್ನು ಕಲಿಸಲು ತಾಯಿಗೆ ಯಾವ ಪದವಿಯೂ ಬೇಡ.

ಮನೆಯ ಕಸುಬು ಅಕ್ಷರಕ್ಕೆ ಅಡ್ಡ ಬರುವುದಿಲ್ಲ. 10ನೆಯ ಶತಮಾನದಲ್ಲಿ ಚಾಲುಕ್ಯರ ಆಸ್ಥಾನದಲ್ಲಿ ‘ಕವಿ ಚಕ್ರವರ್ತಿ’ ಎನಿಸಿದ ರನ್ನ ಇದೇ ಮುಧೋಳದ ಬಳೆಗಾರರ ಮನೆಯ ಮಗ.