ಕಂಪ್ಯೂಟರಿನ ಎರಡು ಕಾಯಿಲೆ

ಜೂನ್ 12, 2025

ಇವತ್ತಿನಿಂದ ಕಂಪ್ಯೂಟರ್ ನಿಂತಾಗಲೆಲ್ಲ ಇಲ್ಲಿ ಬರೆದಿಡುವುದು: ಎಷ್ಟು ಹೊತ್ತಿಗೆ, ಆಗ ಏನು ಓಡುತ್ತಿತ್ತು, ಹೇಗೆ ನಿಂತಿತು, ಮನೆಯಲ್ಲಿ ಬೇರೆ ಏನು ನಡೆಯುತ್ತಿತ್ತು. ನೆನಪಿಗೆ ಬಿಟ್ಟರೆ ‘ಆಗಾಗ ಕೈಕೊಡುತ್ತದೆ’ ಎಂಬುದಷ್ಟೇ ಉಳಿಯುತ್ತದೆ. ಅದನ್ನು ಹಿಡಿದು ಯಾರೂ ರಿಪೇರಿ ಮಾಡಲಾರರು.

ಬೆಳಿಗ್ಗೆ 10:40. ‘ಕೃಷ್ಣ ಸಂಧಾನ’ದ ಎರಡನೇ ಕ್ಯಾಸೆಟ್ಟು ಆಡಾಸಿಟಿ ಎಂಬ ಪ್ರೋಗ್ರಾಮಿನಲ್ಲಿ ರೆಕಾರ್ಡ್ ಆಗುತ್ತಿತ್ತು. ನೀಲಿ ಪರದೆ, ಕೆಳಗೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ಸಾಲು. ಸಂಜೆ 5:15. ಅದೇ ಕ್ಯಾಸೆಟ್ಟು, ಮೊದಲಿಂದ. ಈ ಸಲ ನೀಲಿಯೂ ಇಲ್ಲ, ಸಂದೇಶವೂ ಇಲ್ಲ. ಪಕ್ಕನೆ ಕಪ್ಪಾಗಿ ತಾನೇ ಮತ್ತೆ ಶುರುವಾಯಿತು.

ಆಡಾಸಿಟಿ ಅಲ್ಲಿಯವರೆಗಿನದನ್ನು ಉಳಿಸಿಕೊಂಡಿತ್ತು, ನಿಜ. ಆದರೆ ಟೇಪನ್ನು ಮತ್ತೆ ಮತ್ತೆ ಓಡಿಸುವುದೇ ನನಗೆ ಸಂಕಟ. ಅಪ್ಪಯ್ಯ ನಮ್ಮ ಜಗಲಿಯಲ್ಲಿ, ನೆಂಟರ ಮನೆಗಳಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿ ನಡೆದ ತಾಳಮದ್ದಲೆಗಳನ್ನು ಅವರ ನ್ಯಾಷನಲ್ ಪ್ಯಾನಾಸೋನಿಕ್‌ನಲ್ಲಿ ಹಿಡಿದಿಟ್ಟ ಕ್ಯಾಸೆಟ್ಟುಗಳಿವು. ಪದ್ಯ ಪ್ರಸಂಗದ ಪುಸ್ತಕದಲ್ಲಿ ಸಿಗುತ್ತದೆ. ಅರ್ಥ, ಎಂದರೆ ಪಾತ್ರಧಾರಿಗಳು ಅಲ್ಲೇ ಕಟ್ಟಿ ಆಡುವ ಮಾತು, ಎಲ್ಲೂ ಸಿಗುವುದಿಲ್ಲ. ಆ ರಾತ್ರಿ ಆ ಕೌರವ ಆ ಕೃಷ್ಣನಿಗೆ ಕೊಟ್ಟ ಉತ್ತರ ಈ ಕಂದು ರಿಬ್ಬನ್ನಿನ ಮೇಲೆ ಮಾತ್ರ ಇದೆ. ನಮ್ಮ ಘಟ್ಟದ ಮೇಲಿನ ಮಳೆಗೆ ರಿಬ್ಬನ್ನಿನ ಅಂಚಿಗೆ ಬಿಳಿ ಬೂಸ್ಟು ಹತ್ತುತ್ತಿದೆ. ಒಂದೊಂದನ್ನೂ ಒಮ್ಮೆ ಚೆನ್ನಾಗಿ ಓಡಿಸಿ ಮುಗಿಸಬೇಕು.

ಜೂನ್ 14

ಶಿರಸಿಯಿಂದ ಅಕ್ಕನ ಮಗ ಬಂದಿದ್ದ. “ಒಂದ್ಸಲ ಫಾರ್ಮ್ಯಾಟ್ ಹೊಡಿ ಮಾವ, ಎಲ್ಲ ಸರಿಯಾಗ್ತು” ಎಂದ. ಆಮೇಲೆ, ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲುತ್ತದೆ, ಹೊಸ ಕಂಪ್ಯೂಟರೇ ತೆಗೆದುಕೊಂಡರೆ ಹೇಗೆ ಎಂದೂ ಕೇಳಿದ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಕಾರಣ ತಿಳಿಯದೆ ಫಾರ್ಮ್ಯಾಟ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ದೋಷ ಯಂತ್ರದ ಭಾಗದಲ್ಲಿದ್ದರೆ ಹೊಸ ವಿಂಡೋಸ್ ಕೂಡ ಅದೇ ಕೆಟ್ಟ ಭಾಗದ ಮೂಲಕ ಹಾದು ಡಿಸ್ಕಿಗೆ ಇಳಿಯುತ್ತದೆ. ಈಗ ಸಿಗುತ್ತಿರುವ ಸುಳಿವುಗಳೂ ಅಳಿಸಿಹೋಗುತ್ತವೆ.

ಸುಳಿವು ಇರುವುದು ಇವೆಂಟ್ ವ್ಯೂವರಿನಲ್ಲಿ. ಕಂಪ್ಯೂಟರು ಕ್ರಮವಾಗಿ ಮುಚ್ಚದೆ ನಿಂತಾಗಲೆಲ್ಲ ಅಲ್ಲಿ ‘ಕರ್ನಲ್-ಪವರ್ 41’ ಎಂಬ ಕೆಂಪು ಸಾಲು ಬೀಳುತ್ತದೆ. ಬಹಳ ಜನ ಅದನ್ನು ನೋಡಿ ಪವರ್ ಸಪ್ಲೈ ಹೋಗಿದೆ ಎಂದುಬಿಡುತ್ತಾರೆ. ಆ ಸಾಲು ಹೇಳುವುದು ‘ನಾನು ಸರಿಯಾಗಿ ಮುಚ್ಚಲಿಲ್ಲ’ ಎಂಬುದನ್ನು ಮಾತ್ರ. ಅದರ ವಿವರದೊಳಗೆ ‘ಬಗ್‌ಚೆಕ್ ಕೋಡ್’ ಎಂದೊಂದು ಅಂಕಿ ಇದೆ. ನೀಲಿ ಪರದೆ ಬಂದು ನಿಂತಿದ್ದರೆ ಅಲ್ಲಿ ಸಾಮಾನ್ಯವಾಗಿ ಆ ತಪ್ಪಿನ ಸಂಖ್ಯೆ ಇರುತ್ತದೆ. ಬರೀ ಸೊನ್ನೆ ಇದ್ದರೆ ವಿಂಡೋಸಿಗೆ ಏನನ್ನೂ ಬರೆಯುವ ಪುರುಸೊತ್ತೇ ಸಿಗಲಿಲ್ಲ ಎಂದರ್ಥ.

ಕಳೆದ ಎರಡು ತಿಂಗಳ ಸಾಲುಗಳನ್ನು ತೆಗೆದು ನೋಡಿದೆ. ಕೆಲವದರಲ್ಲಿ ಸೊನ್ನೆ, ಕೆಲವದರಲ್ಲಿ ಸಂಖ್ಯೆ. ಆ ಸಂಖ್ಯೆಗಳೂ ಬೇರೆ ಬೇರೆ.

ಜೂನ್ 17

ಡಬ್ಬಿ ಬಿಚ್ಚಿದೆ. ಪ್ರೊಸೆಸರಿನ ಹೀಟ್‌ಸಿಂಕ್ ಫಿನ್ನುಗಳ ನಡುವೆ ಧೂಳು ಗಟ್ಟಿಯಾಗಿ ಕೂತಿತ್ತು. ಬ್ರಷ್ಷಿನಿಂದ ಬಿಡಿಸಿ, ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಕೆಲಸದ ಹೊತ್ತಿನ ಬಿಸಿ 90 ಡಿಗ್ರಿ ಸಮೀಪ ಹೋಗುತ್ತಿದ್ದದ್ದು 65ಕ್ಕೆ ಇಳಿಯಿತು. ಮದರ್‌ಬೋರ್ಡಿನ ಕೆಪಾಸಿಟರುಗಳು ಒಂದೂ ಉಬ್ಬಿಲ್ಲ.

ರಾತ್ರಿ ಮತ್ತೆ ನೀಲಿ ಪರದೆ. ಬಿಸಿ ಕಾರಣವಲ್ಲ.

ಜೂನ್ 20

ಬರೆದಿಟ್ಟದ್ದಕ್ಕೆ ಫಲ ಸಿಕ್ಕಿತು. ಸಂದೇಶವಿಲ್ಲದೆ ಕಪ್ಪಾಗಿ ನಿಂತ ಸಲಗಳನ್ನೆಲ್ಲ ಒಂದು ಕಡೆ ಬರೆದು ನೋಡಿದರೆ ಎಲ್ಲವೂ ಬೆಳಿಗ್ಗೆ ಏಳರ ಸುಮಾರಿಗೆ ಅಥವಾ ಸಂಜೆ ಐದರ ಸುಮಾರಿಗೆ. ನೀಲಿ ಪರದೆಗೆ ಹೊತ್ತುಗೊತ್ತಿಲ್ಲ. ಏಳಕ್ಕೂ ಐದಕ್ಕೂ ಈ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸುತ್ತಿರುವಾಗಲೇ ಒಳಗಿಂದ ಆಯಿ ಕೂಗಿದಳು: “ತಮಾ, ಪಂಪು ಹಾಕ್ಲಾ? ಟ್ಯಾಂಕಲ್ಲಿ ನೀರಿಲ್ಲೆ.”

ಮಲ್ಟಿಮೀಟರಿನ ಕಡ್ಡಿಗಳನ್ನು ಪ್ಲಗ್ಗಿಗೆ ಸಿಕ್ಕಿಸಿ ಹಾಕು ಎಂದೆ. ನಮ್ಮದು ಲೈನಿನ ಕೊನೆಯ ಮನೆ, 230 ಇರಬೇಕಾದಲ್ಲಿ ಮಳೆಗಾಲದಲ್ಲಿ 185ರ ಹತ್ತಿರ ಇರುತ್ತದೆ. ಬಾವಿಯ ಪಂಪು ಶುರುವಾದ ಕ್ಷಣ ಅದು 140ರ ಆಸುಪಾಸಿಗೆ ಬಿದ್ದು ಮತ್ತೆ ಏರಿತು. ಇಂಥ ಮೋಟರು ತಿರುಗಿಕೊಳ್ಳುವ ಮೊದಲ ಕ್ಷಣಗಳಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜು ಬಿದ್ದಾಗ ಯುಪಿಎಸ್ ಬ್ಯಾಟರಿಗೆ ಹೊರಳಬೇಕು. ಹೊರಳಿತು ಕೂಡ, ‘ಟಕ್’ ಎಂದು ಕೇಳಿಸಿತು. ಬೆನ್ನಿಗೇ ಕಂಪ್ಯೂಟರು ಸತ್ತಿತು.

ಯುಪಿಎಸ್ ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯನ್ನು ಹೊರತೆಗೆದು ಅಳೆದೆ. ಸುಮ್ಮನಿದ್ದಾಗ 12.5. ಹಳೆಯ ಬೈಕಿನ ಹೆಡ್‌ಲೈಟ್ ಬಲ್ಬು ಕಟ್ಟಿದ ಕೂಡಲೇ 9ಕ್ಕಿಂತ ಕೆಳಗೆ. ಸೀಸ-ಆಮ್ಲದ ಈ ಸಣ್ಣ ಬ್ಯಾಟರಿಗಳು ಮೂರ್ನಾಲ್ಕು ವರ್ಷಕ್ಕೆ ಹೀಗೆ ಸೊರಗುತ್ತವೆ. ಹೊರೆಯಿಲ್ಲದೆ ಅಳೆದರೆ ಆರೋಗ್ಯವಾಗಿಯೇ ಕಾಣುತ್ತವೆ. ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನ ಕೆಪಾಸಿಟರುಗಳ ಬಲದಲ್ಲಿ ತಡೆದುಕೊಳ್ಳುವುದು ಸೆಕೆಂಡಿನ ನೂರರಲ್ಲೊಂದೆರಡು ಪಾಲಿನಷ್ಟು ಹೊತ್ತು. ಅಷ್ಟರೊಳಗೆ ಬ್ಯಾಟರಿ ಹೆಗಲು ಕೊಡದಿದ್ದರೆ ಮುಗಿಯಿತು. ಇವೆಂಟ್ ವ್ಯೂವರಿನ ಆ ಸೊನ್ನೆಯ ಅರ್ಥ ಇದೇ.

ಜೂನ್ 23

ಶಿರಸಿಗೆ ಹೋಗಿ ಹೊಸ ಬ್ಯಾಟರಿ ತಂದು ಕೂರಿಸಿದೆ. ಆಯಿ ಬೆಳಿಗ್ಗೆ ಸಂಜೆ ಪಂಪು ಹಾಕುತ್ತಿದ್ದಾಳೆ, ಯುಪಿಎಸ್ ಟಕ್ ಎನ್ನುತ್ತದೆ, ಕಂಪ್ಯೂಟರು ಓಡುತ್ತಲೇ ಇರುತ್ತದೆ.

ಮಧ್ಯಾಹ್ನ ನೀಲಿ ಪರದೆ. ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ.’

ಹಾಗಾದರೆ ಕಾಯಿಲೆ ಎರಡು. ಇಷ್ಟು ದಿನ ಒಂದರ ಲಕ್ಷಣ ಇನ್ನೊಂದರ ಮೇಲೆ ಬಿದ್ದು ಎಲ್ಲ ಕಲಸಿಹೋಗಿತ್ತು. ಈಗ ಒಂದು ಕಳೆದಿದೆ, ಉಳಿದದ್ದು ಒಂಟಿಯಾಗಿ ಕಾಣುತ್ತಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎನ್ನುವುದು ಇದಕ್ಕೇ. ಅವತ್ತೇ ಬ್ಯಾಟರಿ, ರ‍್ಯಾಮ್, ವಿಂಡೋಸ್ ಎಲ್ಲವನ್ನೂ ಬದಲಿಸಿಬಿಟ್ಟಿದ್ದರೆ ಯಾವುದರಿಂದ ವಾಸಿಯಾಯಿತೆಂದು ಗೊತ್ತಾಗುತ್ತಿರಲಿಲ್ಲ. 

ಜೂನ್ 25

ಇವತ್ತು ಕಂಪ್ಯೂಟರು ನಿಲ್ಲಲಿಲ್ಲ. ಆದರೂ ಈ ಪುಸ್ತಕದಲ್ಲಿ ಇದುವರೆಗೆ ಬರೆದದ್ದಕ್ಕಿಂತ ದೊಡ್ಡ ಸಂಗತಿ ನಡೆದದ್ದು ಇವತ್ತೇ.

ರೆಕಾರ್ಡ್ ಮಾಡಿದ ಧ್ವನಿಯನ್ನು ನಾನು ಫ್ಲಾಕ್ ಆಗಿ ಇಡುತ್ತೇನೆ. ಎಂಪಿ3 ಹಾಗೆ ಅದು ಏನನ್ನೂ ಬಿಡುವುದಿಲ್ಲ. ಮಡಚಿಡುತ್ತದೆ, ಬಿಚ್ಚಿದರೆ ಇದ್ದದ್ದು ಇದ್ದಹಾಗೆ ಬರುತ್ತದೆ. ಮಡಚುವಾಗಲೇ ಜೊತೆಜೊತೆಗೆ ಬಿಚ್ಚಿ ಮೂಲದೊಂದಿಗೆ ತಾಳೆ ನೋಡು ಎಂದು ಹೇಳುವ ಸೌಲಭ್ಯವೂ ಅದರಲ್ಲಿದೆ. ಇದುವರೆಗೆ ಅದನ್ನು ಬಳಸಿರಲಿಲ್ಲ, ಇವತ್ತು ಬಳಸಿದೆ. ‘ವಾಲಿವಧೆ’ಯ ಕಡತ ಮಡಚುತ್ತಿರುವಾಗ ನಡುವೆ ನಿಂತು ತಾಳೆಯಾಗುತ್ತಿಲ್ಲ ಎಂದಿತು. ಮತ್ತೆ ಓಡಿಸಿದೆ, ಯಾವ ತಕರಾರೂ ಇಲ್ಲದೆ ಮುಗಿಯಿತು. ಇನ್ನೊಮ್ಮೆ ಓಡಿಸಿದರೆ ಬೇರೆ ಜಾಗದಲ್ಲಿ ತಪ್ಪು.

ಅದೇ ಕಡತ, ಅದೇ ಪ್ರೋಗ್ರಾಮು, ಪ್ರತಿಸಲ ಬೇರೆ ಉತ್ತರ. ಪ್ರೋಗ್ರಾಮಿನ ದೋಷವಾಗಿದ್ದರೆ ಪ್ರತಿಸಲ ಅಲ್ಲೇ ಎಡವಬೇಕಿತ್ತು. ಸಂಶಯವೆಲ್ಲ ರ‍್ಯಾಮ್ ಮೇಲೆ.

ಜೂನ್ 29

ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿದೆ. ವಿಂಡೋಸ್ ಇಲ್ಲದೆ ನೇರವಾಗಿ ಓಡಿ, ರ‍್ಯಾಮಿನ ಪ್ರತಿ ಕೋಶದಲ್ಲೂ ಒಂದು ಮಾದರಿ ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ನೋಡುತ್ತದೆ. ಹಳೆಯ 8 ಜಿಬಿ ಪಟ್ಟಿ, ಹೋದ ದೀಪಾವಳಿಗೆ ಸೇರಿಸಿದ ಹೊಸ 8 ಜಿಬಿ ಪಟ್ಟಿ, ಎರಡೂ ಇದ್ದಾಗ ಪರದೆಯ ತುಂಬ ಕೆಂಪು ಸಾಲು.

ಆಮೇಲೆ ಒಂದೊಂದನ್ನೇ. ಹಳೆಯದನ್ನು ಮೊದಲ ಸ್ಲಾಟಿನಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟೆ, ತಪ್ಪಿಲ್ಲ. ಅದೇ ಪಟ್ಟಿ ಇನ್ನೊಂದು ಸ್ಲಾಟಿನಲ್ಲಿ, ತಪ್ಪಿಲ್ಲ. ಹೊಸದು ಮೊದಲ ಸ್ಲಾಟಿನಲ್ಲಿ, ತಪ್ಪು. ಇನ್ನೊಂದರಲ್ಲಿ, ತಪ್ಪು. ಹೀಗೆ ಅಡ್ಡ ಉದ್ದ ಎರಡೂ ಕಡೆಯಿಂದ ನೋಡಿದ ಮೇಲೆ ಸ್ಲಾಟಿನ ಮೇಲೆ ಗುಮಾನಿ ಉಳಿಯಲಿಲ್ಲ. ಪಟ್ಟಿಯದೇ ದೋಷ.

ಕೆಂಪು ಸಾಲುಗಳನ್ನು ಓದುತ್ತ ಕೂತೆ. ಏನು ಬರಬೇಕಿತ್ತು, ಏನು ಬಂತು ಎಂದು ಪಕ್ಕಪಕ್ಕ ಬರೆದಿರುತ್ತದೆ. ಎಲ್ಲದರಲ್ಲೂ ಕೆಟ್ಟದ್ದು ಒಂದೇ ಒಂದು ಬಿಟ್, ಅದೇ ಸ್ಥಾನದ್ದು. ಒಂದು ಇರಬೇಕಾದಲ್ಲಿ ಸೊನ್ನೆ. ಉಳಿದದ್ದೆಲ್ಲ ನೆಟ್ಟಗೆ.

ಸರ್ವರುಗಳಿಗೆ ಹಾಕುವ ರ‍್ಯಾಮಿನಲ್ಲಿ ಪ್ರತಿ 64 ಬಿಟ್‌ಗೆ ಸಾಮಾನ್ಯವಾಗಿ 8 ಬಿಟ್ ಹೆಚ್ಚಿಗೆ ಇರುತ್ತದೆ. ಒಂದು ಬಿಟ್ ಕೆಟ್ಟರೆ ಯಾವುದೆಂದು ಲೆಕ್ಕಹಾಕಿ ಅಲ್ಲೇ ಸರಿಪಡಿಸಿಕೊಳ್ಳುತ್ತದೆ. ಈ ಉಪಾಯದ ಬೇರು ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ವಾರದ ಕೊನೆಗೆ ರಿಲೇ ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಹೋಗುತ್ತಿದ್ದರಂತೆ. ತಪ್ಪು ಕಂಡ ಕೂಡಲೇ ಯಂತ್ರ ಅವರ ಲೆಕ್ಕವನ್ನು ಕೈಬಿಟ್ಟು ಮುಂದಿನವರದ್ದಕ್ಕೆ ಹೋಗುತ್ತಿತ್ತು. ತಪ್ಪಾಗಿದೆ ಎಂದು ಗುರುತಿಸಬಲ್ಲ ಯಂತ್ರ ಎಲ್ಲಿ ತಪ್ಪಿದೆ ಎಂದೇಕೆ ಹೇಳಬಾರದು ಎಂಬ ಸಿಟ್ಟಿನಿಂದ ಹುಟ್ಟಿದ ಯೋಚನೆ ಅದು. ಮುಕ್ಕಾಲು ಶತಮಾನ ಕಳೆದರೂ ಮನೆ ಕಂಪ್ಯೂಟರುಗಳಿಗೆ ಆ ರಕ್ಷಣೆ ಸಾಮಾನ್ಯವಾಗಿ ಬಂದಿಲ್ಲ. ಬರಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮನೆಗಳಲ್ಲೂ ಕಳೆದುಕೊಳ್ಳಬಾರದ ವಸ್ತುಗಳಿವೆ.

ಜುಲೈ 2

ಹೊಸ ಪಟ್ಟಿ ತೆಗೆದಿಟ್ಟು 8 ಜಿಬಿಯಲ್ಲೇ ಓಡಿಸುತ್ತಿದ್ದೇನೆ. ನಿಂತಿಲ್ಲ. ಪಟ್ಟಿಗೆ ವಾರಂಟಿ ಇನ್ನೂ ಇದೆ, ಕಳಿಸಿಕೊಡಬೇಕು.

ಮನಸ್ಸಿಗೆ ಸಮಾಧಾನವಿಲ್ಲ. ಅಕ್ಕನ ಮಗ ಫೋನಿನಲ್ಲಿ, ಸರಿಯಾಯಿತಲ್ಲ ಮಾವ, ಇನ್ನೆಂತಕ್ಕೆ ಯೋಚನೆ ಎಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಕೆಟ್ಟ ಬಿಟ್ ವಿಂಡೋಸಿನ ಕೈಗೆ ಸಿಕ್ಕಾಗ ನೀಲಿ ಪರದೆ ಬಂತು. ಅದೇ ಬಿಟ್ ಅಪ್ಪಯ್ಯನ ಟೇಪಿನ ಧ್ವನಿ ಹಾದುಹೋಗುವಾಗ ಸಿಕ್ಕಿದ್ದರೆ ಏನೂ ಆಗಿರುವುದಿಲ್ಲ, ಧ್ವನಿ ತಪ್ಪಾಗಿ ಡಿಸ್ಕಿಗೆ ಇಳಿದಿರುತ್ತದೆ ಅಷ್ಟೆ. ನಾನು ಹಿಡಿಯುವುದು ಸೆಕೆಂಡಿಗೆ 48,000 ಮಾದರಿ, ಒಂದೊಂದು ಮಾದರಿಗೆ 24 ಬಿಟ್. ಮೇಲಿನ ಬಿಟ್ ತಿರುಗಿದ್ದರೆ ಮಾತಿನ ನಡುವೆ ಚಟ್ ಎಂದು ಕೇಳುತ್ತದೆ. ಕೆಳಗಿನದಾದರೆ ಯಾರ ಕಿವಿಗೂ ತಿಳಿಯುವುದಿಲ್ಲ. ಫ್ಲಾಕ್ ಕಡತಕ್ಕೆ ಮೂಲ ಧ್ವನಿಯ ಎಂಡಿ5 ಮುದ್ರೆಯನ್ನು ಒತ್ತಿಡುತ್ತದೆ, ಸರಿ. ಆದರೆ ಮುದ್ರೆ ಒತ್ತುವ ಮೊದಲೇ ರ‍್ಯಾಮಿನಲ್ಲಿ ಕೆಟ್ಟಿದ್ದರೆ ಕೆಟ್ಟದ್ದಕ್ಕೇ ಮುದ್ರೆ ಬೀಳುತ್ತದೆ.

ಹೀಗಾಗಿ ದೀಪಾವಳಿಯ ನಂತರ ಮಾಡಿದ್ದೆಲ್ಲ ಶಂಕಿತ. ಅದಕ್ಕೂ ಹಿಂದಿನದು ಹೊರಗಿನ ಡಿಸ್ಕಿನಲ್ಲಿ ಬೇರೆಯಾಗಿದೆ, ಅದನ್ನು ಮುಟ್ಟಿಲ್ಲ. ‘ಫ್ಲಾಕ್’ ಪರೀಕ್ಷೆಯನ್ನು ಆ ಹಳೆಯ ಕಡತಗಳಲ್ಲಿ ಒಂದೊಂದರ ಮೇಲೂ ಓಡಿಸಿದೆ, ಎಲ್ಲ ನೆಟ್ಟಗಿವೆ.

ಜುಲೈ 6

ಶಂಕಿತ ಕ್ಯಾಸೆಟ್ಟುಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಪಟ್ಟಿ ಮಾಡಿದೆ. ಬಹಳಷ್ಟು ಮತ್ತೆ ಓಡಿಸಬಹುದಾದವು. ಪ್ಲೇಯರಿನ ಹೆಡ್ಡನ್ನು ಸ್ಪಿರಿಟಿನಿಂದ ಒರೆಸಿ ‘ಕೃಷ್ಣ ಸಂಧಾನ’ದಿಂದಲೇ ಶುರುಮಾಡಿದೆ. ಎರಡು ಗಂಟೆ ಕೂತು ಪೂರ್ತಿ ಕೇಳಿದೆ. ಸಂಧಿಗೆ ಬಂದ ಕೃಷ್ಣ ಐದು ಊರು ಕೇಳುವ ಜಾಗದಲ್ಲಿ ಅರ್ಥಧಾರಿ ದನಿ ಏರಿಸುವುದೇ ಇಲ್ಲ, ಇಳಿಸುತ್ತ ಹೋಗುತ್ತಾರೆ. ಆ ಇಳಿತ ಒಂದು ಮಾದರಿಯೂ ಕೆಡದೆ ಬರಬೇಕು.

ಓಡಿಸಲಾಗದ್ದು ಒಂದಿದೆ, ‘ಭೀಷ್ಮ ವಿಜಯ’. ಫೆಬ್ರುವರಿಯಲ್ಲಿ ಓಡಿಸಿದ್ದೇ ಕೊನೆ. ಈಗ ಸುರುಳಿ ಒಂದಕ್ಕೊಂದು ಅಂಟಿದೆ, ಎಳೆದರೆ ಕಂದು ಪದರವೇ ಎದ್ದುಬರುತ್ತದೆ. ಕೆಟ್ಟ ರ‍್ಯಾಮಿನ ಮೂಲಕ ಬಂದ ಆ ಪ್ರತಿಯೇ ಇನ್ನು ಮೂಲ.

ಜುಲೈ 11

‘ಭೀಷ್ಮ ವಿಜಯ’ವನ್ನು ಸ್ಪೆಕ್ಟ್ರೋಗ್ರಾಮಿನಲ್ಲಿ ತೆರೆದು ಮೊದಲಿಂದ ಕೊನೆಯವರೆಗೆ ನೋಡಿದೆ. ಚಟ್ ಎಂಬ ಸದ್ದು ಅಲ್ಲಿ ಮೇಲಿಂದ ಕೆಳಗಿನವರೆಗೆ ಸೀಳಿದ ಗೆರೆಯಾಗಿ ಕಾಣುತ್ತದೆ. ಚಂಡೆಯಿಲ್ಲದ ಕೂಟವಾದ್ದರಿಂದ ಮದ್ದಳೆಯ ಪೆಟ್ಟು, ತಾಳದ ಹೊಡೆತ ಇವನ್ನು ಬಿಟ್ಟರೆ ಗೆರೆಗಳು ಕಡಿಮೆ. ಅನುಮಾನದ ಜಾಗಗಳನ್ನು ಹೆಡ್‌ಫೋನಿನಲ್ಲಿ ಕೇಳಿ ಬೇರ್ಪಡಿಸಲು ಆಯಿತು. ಅಂಬೆಯ ಮಾತಿನಲ್ಲಿ ಒಂದು ಕಡೆ, ಪರಶುರಾಮ ಬಂದ ಮೇಲೆ ಇನ್ನೊಂದು ಕಡೆ, ಮನುಷ್ಯರ ಗಂಟಲಿನಿಂದಾಗಲಿ ಟೇಪಿನಿಂದಾಗಲಿ ಬಂದಿರಲಾರದ ಸದ್ದು ಇದೆ. ಅಳಿಸುವುದು ಸುಲಭ. ಅಳಿಸಲಿಲ್ಲ. ಕೇಳುವವರಿಗಾಗಿ ಅಳಿಸಿದ ಪ್ರತಿ ಬೇರೆ ಮಾಡುತ್ತೇನೆ, ಇದು ಇದ್ದಹಾಗೇ ಇರಲಿ.

ಕಡತದ ಜೊತೆಗಿಡುವ ಟಿಪ್ಪಣಿಗೆ ಹೀಗೆ ಸೇರಿಸಿದೆ: “ಈ ಪ್ರತಿಯನ್ನು ರ‍್ಯಾಮ್ ದೋಷವಿದ್ದ ಕಂಪ್ಯೂಟರಿನಲ್ಲಿ ಮಾಡಲಾಗಿದೆ. ಎರಡು ಕಡೆ ಯಂತ್ರದ ಸದ್ದು ಸೇರಿದೆ, ನಿಮಿಷ-ಸೆಕೆಂಡು ಕೆಳಗಿದೆ. ಕಿವಿಗೆ ತಿಳಿಯದ ಬದಲಾವಣೆಗಳೂ ಇರಬಹುದು. ಮೂಲ ಕ್ಯಾಸೆಟ್ಟು ಅಂಟಿಕೊಂಡಿದೆ, ಎಸೆದಿಲ್ಲ. ಬಿಡಿಸಬಲ್ಲವರು ಸಿಕ್ಕರೆ ಮತ್ತೆ ಓಡಿಸಿ ಇದನ್ನು ಬದಲಿಸಬೇಕು.”

ನಾಳೆ ‘ವಾಲಿವಧೆ’, ಎ ಬದಿ.